ಬಿಟ್ಟಿ ಊಟಕ್ಕೆ ಸಾಕ್ಷಿ

ನಮ್ಮಣ್ಣ ಗುರುಸಿದ್ದನನ್ನು ಒಂದು ಕಡೆ ಸುಮ್ಮನೆ ಕೂರಿಸುವುದು ನಮ್ಮವ್ವನ ಕೈಯಲ್ಲೂ ಆಗಲಿಲ್ಲ. ಗದಗಿನಲ್ಲಿ ಯಾರದೇ ಮದುವೆಗೆ ಹೋಗಲಿ, ಉಳಿದ ಗಂಡಸರು ಎಲೆ ಅಡಿಕೆ ಹಾಕಿಕೊಂಡು ಜಮಖಾನೆಯ ಮೇಲೆ ಹರಟುತ್ತಿದ್ದರೆ ಇವನು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ. ‘ಏನಪಾ, ನೀ ಬೀಗರ ಕಡೆಯಾಂವೋ, ಅಡಿಗಿಯಾಂವೋ’ ಎಂದು ಯಾರಾದರೂ ಕಾಲೆಳೆದರೆ ಅವರ ಎಲೆಗೆ ಇನ್ನೊಂದು ಸೌಟು ಸುರಿದು ಮುಂದೆ ಹೋಗುತ್ತಿದ್ದ. ಇಂಥವನು ತಂಗಿ ನಾನಿದ್ದ ಡೆಟ್ರಾಯಿಟ್ಟಿಗೆ ಬಂದು ಕೆಲಸ ಕಳೆದುಕೊಂಡ. ಆಮೇಲೆ ಆದದ್ದರಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ.

ಅದು ಎಪ್ಪತ್ತನಾಲ್ಕನೆಯ ಇಸವಿ. ಪೆಟ್ರೋಲಿನ ಬೆಲೆ ಏರಿ ಕಾರು ಕೊಳ್ಳುವವರೇ ಇಲ್ಲದಂತಾಗಿತ್ತು. ಅಣ್ಣ ಒಂದು ಸಣ್ಣ ಕಂಪನಿಯಲ್ಲಿ ಕಾರಿನ ಬಾಗಿಲು, ಬಾನೆಟ್ಟುಗಳನ್ನು ಒತ್ತುವ ಅಚ್ಚುಗಳ ನಕ್ಷೆ ಬರೆಯುತ್ತಿದ್ದ. ಸೆಪ್ಟೆಂಬರಿನ ಒಂದು ಶುಕ್ರವಾರ ಹನ್ನೊಂದು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಮನೆಗೆ ಕಳಿಸಿದರು. ಅಣ್ಣ ಹತ್ತನೆಯವನು. ತನ್ನ ಪೆನ್ಸಿಲುಗಳನ್ನೆಲ್ಲ ಪಕ್ಕದ ಮೇಜಿನವನಿಗೆ ಕೊಟ್ಟು ಬಂದನಂತೆ, ಅವನು ಹನ್ನೊಂದನೆಯವನು ಎಂದು ಗೊತ್ತಿಲ್ಲದೆ!

ನಿರುದ್ಯೋಗ ಭತ್ಯೆಗೆ ಹೋಗು ಎಂದರೆ ಮೊದಲು ಒಪ್ಪಲೇ ಇಲ್ಲ. ‘ಸರಕಾರದ ದಾನ ತಿನ್ನಾಕ ಇಲ್ಲಿಗೆ ಬಂದಿಲ್ಲ’ ಎಂದ. ಹಯವದನ ರಾಯರು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕಾಯಿತು. ರಾಯರು ಮೈಸೂರಿನವರು, ಅಕೌಂಟೆಂಟ್, ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ನಮ್ಮಿಂದ ಎರಡು ಮೈಲಿ ದೂರ. ‘ಸಾರ್, ಇದು ದಾನ ಅಲ್ಲ, ಇನ್ಶೂರೆನ್ಸು. ನೀವು ದುಡಿದಿದ್ದಕ್ಕೆ ನಿಮ್ಮ ಕಂಪನಿ ಕಟ್ಟಿರೋದು. ಮನೆಗೆ ಬೆಂಕಿ ಬಿದ್ರೆ ಕ್ಲೇಮ್ ಮಾಡಲ್ವಾ ನೀವು?’ ಎಂದರು. ಅಣ್ಣ ಹೋದ. ಎರಡು ವಾರಕ್ಕೊಮ್ಮೆ ಬೀದಿಯವರೆಗೆ ಚಾಚಿದ ಸಾಲಿನಲ್ಲಿ ನಿಂತು, ಈ ಎರಡು ವಾರ ಕೆಲಸ ಮಾಡಿಲ್ಲ, ಏನೂ ಗಳಿಸಿಲ್ಲ, ಕೆಲಸ ಹುಡುಕಿದ್ದೇನೆ, ಕರೆದರೆ ಬರಲು ತಯಾರಿದ್ದೇನೆ ಎಂದು ಸಹಿ ಹಾಕಿ ಬರಬೇಕು. ಪ್ರತಿ ಸಲ ಇಸ್ತ್ರಿ ಮಾಡಿದ ಅಂಗಿ, ಟೈ. ಹುಬ್ಬಳ್ಳಿ ಕಾಲೇಜಿನ ಮಾರ್ಕ್ಸ್ ಕಾರ್ಡುಗಳನ್ನೂ ಒಂದು ಫೈಲಿನಲ್ಲಿ ಒಯ್ಯುತ್ತಿದ್ದ. ಯಾರು ಕೇಳಿದ್ದರು ಮಾರ್ಕ್ಸು!

ಅತ್ತಿಗೆ ಗುರುದೇವಿ ಮತ್ತು ನಾಲ್ಕು ವರ್ಷದ ಮಗಳು ಇನ್ನೂ ಗದಗಿನಲ್ಲಿದ್ದರು. ವೀಸಾ ಕಾಗದಗಳು ಮುಗಿಯುತ್ತಾ ಬಂದಿದ್ದವು, ಮೇ ತಿಂಗಳಲ್ಲಿ ಬರುವುದು ಎಂದಾಗಿತ್ತು. ಭತ್ಯೆಯನ್ನು ಮನೆ ಬಾಡಿಗೆಗೇ ಸುರಿದರೆ ಅವರು ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ. ‘ಅಪಾರ್ಟ್‌ಮೆಂಟ್ ಬಿಡು, ನಮ್ಮ ಮನೀಗೆ ಬಾ, ಭತ್ಯಾನ ಬ್ಯಾಂಕಿನ್ಯಾಗ ಹಾಕು, ಮೇದಾಗ ಬ್ಯಾರೆ ಮನಿ ಹಿಡಿ’ ಎಂದು ನಾನೇ ಹಟ ಹಿಡಿದೆ. ನನ್ನ ಗಂಡ ಮಲ್ಲಪ್ಪನವರೂ ಹೋಗಿ ಕರೆದರು. ನಮ್ಮ ಕಡೆ ಅಣ್ಣನಾದವನು ನಾಗರ ಪಂಚಮಿಗೆ ಸೀರೆ ಹಿಡಿದುಕೊಂಡು ತಂಗಿಯನ್ನು ತವರಿಗೆ ಕರೆಯಲು ಬರುತ್ತಾನೆ. ಸೂಟ್‌ಕೇಸ್ ಹಿಡಿದುಕೊಂಡು ಇರಲಿಕ್ಕೆ ಬರುವುದಿಲ್ಲ. ತಂಗಿಯ ಮನೆಯಲ್ಲಿ ತಿಂಗಳುಗಟ್ಟಲೆ ಉಂಡವನ ಬೆನ್ನ ಹಿಂದೆ ಜನ ಏನೆನ್ನುತ್ತಾರೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ನವೆಂಬರಿನಲ್ಲಿ ಬಂದ. ‘ಒಂದ ಮಾತು. ಗುರುದೇವಿನ್ನ ಮಾತ್ರ ನಿನ್ನ ಮನ್ಯಾಗ ಇಳಸಂಗಿಲ್ಲ. ಆಕಿ ಬರೂದ್ರಾಗ ನನ್ನ ಮನಿ ನನಗ ಇರಬೇಕು’ ಎಂದ.

ನನ್ನದೊಂದು ಅಂಗಡಿ ಇತ್ತು. ಮಲ್ಲಪ್ಪನವರು ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಸಂಜೆ ಬರುವವರು. ಗೋಡೆ ನೋಡಿಕೊಂಡು ಕೂತು ತಲೆ ಕೆಟ್ಟು, ಹಿಂದಿನ ವರ್ಷ ಒಂದು ಕ್ಷೌರದಂಗಡಿಯ ಪಕ್ಕದ ಮಳಿಗೆ ಹಿಡಿದು ಬೇಳೆ, ಮಸಾಲೆ, ಅಕ್ಕಿ ಮಾರಲು ಶುರು ಮಾಡಿದ್ದೆ. ವ್ಯಾಪಾರ ಕುಂಟುತ್ತಿತ್ತು. ಅಣ್ಣ ಬಂದ ಮೂರನೆಯ ದಿನ ಅಂಗಡಿಗೆ ಬಂದು, ನನ್ನನ್ನು ಕೇಳದೆ, ಕಪಾಟುಗಳನ್ನೆಲ್ಲ ಕಳಚಿ ಬೇರೆ ಥರ ಜೋಡಿಸಿದ. ನಾನು ಬೈದೆ. ನಾಲ್ಕನೆಯ ದಿನವೂ ಬಂದ. ಆಮೇಲೆ ದಿನಾ ಬಂದ. ಕೆಲಸ ಹುಡುಕಲು ಹೋಗಬೇಕಾದ ದಿನ ಟೈ ಕಟ್ಟಿಕೊಂಡು ಹೋಗಿ, ಇಲ್ಲ ಅನ್ನಿಸಿಕೊಂಡು, ಮಧ್ಯಾಹ್ನಕ್ಕೆ ವಾಪಸು ಬಂದು ಟೈ ಬಿಚ್ಚಿ ಗಲ್ಲಾಪೆಟ್ಟಿಗೆಯ ಹಿಂದೆ ನಿಲ್ಲುತ್ತಿದ್ದ.

ಜೋಳದ ಹಿಟ್ಟು ತಂದವನೂ ಅವನೇ. ಈ ದೇಶದಲ್ಲಿ ಜೋಳವನ್ನು ದನಕ್ಕೂ ಹಕ್ಕಿಗೂ ಹಾಕುತ್ತಾರೆ. ಅವನು ಐವತ್ತು ಮೈಲಿ ಡ್ರೈವ್ ಮಾಡಿ ಮೇವಿನ ಅಂಗಡಿಯೊಂದರಿಂದ ಚೀಲಗಟ್ಟಲೆ ಜೋಳ ಹೊತ್ತು ತಂದ. ಕಲ್ಲು ಆರಿಸಿ, ತೊಳೆದು, ನಮ್ಮ ಬೇಸ್‌ಮೆಂಟಿನಲ್ಲಿ ಹಳೆ ಸೀರೆಯ ಮೇಲೆ ಒಣಗಿಸಿ, ಯಾರೋ ಮಾರಲಿಟ್ಟಿದ್ದ ಹಿಟ್ಟಿನ ಮಷೀನು ಕೊಂಡು ಬೀಸಿದ. ಹಿಟ್ಟು ಮುಟ್ಟಿದರೆ ನಮ್ಮೂರ ಗಿರಣಿಯದೇ! ಸುದ್ದಿ ಹಬ್ಬಿತು. ಬಿಜಾಪುರ, ಬಾಗಲಕೋಟೆ ಕಡೆಯ ಡಾಕ್ಟರುಗಳು ಶಿಕಾಗೋದಿಂದ, ಅದರ ಪಕ್ಕದ ಡೌನರ್ಸ್ ಗ್ರೋವ್‌ನಿಂದ ಮುನ್ನೂರು ಮೈಲಿ ಬರತೊಡಗಿದರು. ಹಿಟ್ಟಿಗೆ ಬಂದವರು ಬೇಳೆ ಒಯ್ದರು, ಬೇಳೆಗೆ ಬಂದವರು ಅಕ್ಕಿ ಒಯ್ದರು. ನನ್ನ ಅಂಗಡಿ ಉಳಿದದ್ದು ಆ ಹಿಟ್ಟಿನಿಂದ. ಇದನ್ನು ಈಗ ಬಾಯಿ ಬಿಟ್ಟು ಹೇಳುತ್ತಿದ್ದೇನೆ, ಹೇಳಬೇಕಾದಾಗ ಹೇಳಲಿಲ್ಲ.

ಸಂಬಳದ ಮಾತು ಒಂದೇ ಸಲ ಬಂತು. ‘ಅಣ್ಣಾ, ಏನರ ತಗೋ’ ಎಂದೆ. ಅವನ ಮುಖ ಕೆಂಪಾಯಿತು. ‘ತಂಗಿ ಕಡೆ ಪಗಾರ ತಗೊಳ್ಳೂ ಹೊತ್ತು ಬಂದಿಲ್ಲ ನನಗ. ಇನ್ನೊಮ್ಮೆ ಈ ಮಾತಾಡಿದಿ ಅಂದ್ರ ಗಂಟು ಕಟ್ಟತೇನಿ ನೋಡು’ ಎಂದ. ದುಡಿದರೆ ಮಾತ್ರ ನನ್ನ ಮನೆಯ ಅನ್ನ ಅವನ ಗಂಟಲಲ್ಲಿ ಇಳಿಯುತ್ತಿತ್ತು. ಸಂಜೆ ತಾಟಿನ ಮುಂದೆ ಕೂತಾಗ ಆ ದಿನ ಎಷ್ಟು ಚೀಲ ಹೊತ್ತೆ, ಎಷ್ಟು ಹಿಟ್ಟು ಬೀಸಿದೆ ಎಂದು ಮಲ್ಲಪ್ಪನವರಿಗೆ ವರದಿ ಒಪ್ಪಿಸಿಯೇ ಮೊದಲ ತುತ್ತು ಎತ್ತುತ್ತಿದ್ದ. ‘ಗುರುಸಿದ್ದಪ್ಪಾರ, ಮೊದಲ ಉಣ್ರಿ’ ಎಂದರೂ ಬಿಡುತ್ತಿರಲಿಲ್ಲ.

ಜನವರಿಯಲ್ಲಿ ಭತ್ಯೆಯ ಕಚೇರಿಯವರು ಅವನನ್ನು ಸಂದರ್ಶನಕ್ಕೆ ಕರೆದರು. ವಾಪಸು ಬಂದವನು ಬಹಳ ಖುಷಿಯಲ್ಲಿದ್ದ. ‘ಭಾಳ ಚಲೋ ಹೆಣ್ಮಗಳು. ಕನ್ನಡಕಕ್ಕ ಸರಪಳಿ ಕಟಕೊಂಡಿದ್ಲು. ದಿನಾ ಹೆಂಗ ಹೊತ್ತು ಕಳೀತೀರಿ ಅಂತ ಕೇಳಿದ್ಲು. ನಾ ಏನ್ ಕೈ ಕಟ್ಟಿ ಕುಂತಿಲ್ಲವಾ, ಮುಂಜಾನೆ ಎಂಟರಿಂದ ತಂಗಿ ಅಂಗಡ್ಯಾಗ ನಿಂದರತೇನಿ, ಹಿಟ್ಟು ಬೀಸತೇನಿ, ಚೀಲ ಹೊರತೇನಿ ಅಂತ ಎಲ್ಲಾ ಹೇಳಿದೆ. ಎಷ್ಟ್ ಲಕ್ಷ್ಯ ಕೊಟ್ಟು ಬರಕೊಂಡ್ಲು ಅಂತಿ!’

ಅಯ್ಯೋ ಶಿವನೇ! ಕೆಲಸವಿಲ್ಲದವನಿಗೆ ದುಡ್ಡು ಕೊಡುವ ಕಚೇರಿ, ಇವನು ಸೋಮಾರಿಯಲ್ಲ ಎಂದು ತಿಳಿದರೆ ಮೆಚ್ಚಿಕೊಳ್ಳುತ್ತದೆ ಎಂದುಕೊಂಡಿದ್ದ ನಮ್ಮಣ್ಣ. ನಗಬೇಡಿ. ನನಗೂ ಆಗ ಹಾಗೇ ಅನ್ನಿಸಿತ್ತು. ಒಳ್ಳೆಯ ಮಾತೇ ಹೇಳಿ ಬಂದ ಎಂದು ಆ ದಿನ ಶೇಂಗಾ ಹೋಳಿಗೆ ಮಾಡಿ ಬಡಿಸಿದೆ.

ಹನ್ನೆರಡು ದಿನಕ್ಕೆ ಕಾಗದ ಬಂತು. ಭತ್ಯೆ ನಿಲ್ಲಿಸಿದ್ದೇವೆ. ತಂಗಿಯ ಮನೆಗೆ ಬಂದ ದಿನದಿಂದ ಕೊಟ್ಟದ್ದನ್ನೆಲ್ಲ ಹಿಂದಿರುಗಿಸಬೇಕು. ಕೆಲಸ ಮಾಡುತ್ತಾ, ಮಾಡುತ್ತಿಲ್ಲ ಎಂದು ಸಹಿ ಹಾಕಿದ್ದರಿಂದ ವಂಚನೆಯ ವಿಚಾರವನ್ನೂ ನೋಡಲಾಗುವುದು. ಒಪ್ಪದಿದ್ದರೆ ಇಷ್ಟು ದಿನದೊಳಗೆ ಅಪೀಲು ಮಾಡಬಹುದು. ಅಣ್ಣ ಅದನ್ನು ನಿಂತುಕೊಂಡೇ ಮೂರು ಸಲ ಓದಿದ. ‘ವಂಚನೆ ಅಂತ ಬರದಾರಲ್ಲ ಶಾಂತವ್ವಾ’ ಎಂದ. ಅವನ ದನಿ ಕೇಳಿ ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ. ‘ಯಾರ್ ಹೇಳಾಕ ಹೇಳಿದ್ರು ನಿನಗ? ಬಾಯಿಗೆ ಬೀಗ ಹಾಕಾಕ ಬರೂದಿಲ್ಲೇನು?’ ಎಂದು ಕೂಗಾಡಿದೆ.

ಹಯವದನ ರಾಯರು ಕಾಗದ ಹಿಡಿದುಕೊಂಡು ನಮ್ಮ ಅಡಿಗೆಮನೆಯಲ್ಲಿ ಬಹಳ ಹೊತ್ತು ಕೂತರು. ‘ನೋಡಿ ಸಾರ್, ಸಂಬಳ ತೊಗೊಂಡೆ ಅಂದ್ರೆ ಇಷ್ಟು ದಿನ ಸುಳ್ಳು ಸಹಿ ಹಾಕಿದಂಗಾಯ್ತು. ಸಂಬಳ ಇಲ್ಲ, ಊಟಕ್ಕೆ, ಇರೋ ಜಾಗಕ್ಕೆ ಪ್ರತಿಯಾಗಿ ದುಡಿದೆ ಅಂದ್ರೆ ಊಟಾನೂ ಸಂಬಳಾನೇ ಅಂತಾರೆ. ಏನೂ ಇಲ್ಲದೆ ದಿನಾ ದುಡಿದೆ, ಅಂಗಡಿಗೆ ನಾನಿಲ್ಲದೆ ಆಗಲ್ಲ ಅಂದ್ರೆ, ಹಾಗಾದ್ರೆ ನೀವು ಬೇರೆ ಕೆಲಸಕ್ಕೆ ತಯಾರಿರಲಿಲ್ಲ ಅಂತಾರೆ.’

‘ಮತ್ತ ಏನ್ ಹೇಳಬೇಕ್ರಿ?’ ಎಂದ ಅಣ್ಣ.

ರಾಯರು ಅವನ ಕಡೆ ನೋಡದೆ ನನ್ನ ಕಡೆ ತಿರುಗಿದರು. ‘ಶಾಂತವ್ವನೋರೇ, ನೀವು ಸಾಕ್ಷಿ ಹೇಳಬೇಕಾಗತ್ತೆ. ಅಣ್ಣ ಅಂತ ಇಟ್ಕೊಂಡಿದೀನಿ, ಬಿಟ್ಟಿ ಊಟ ಹಾಕ್ತಿದೀನಿ. ಅಂಗಡಿಗೆ ಹೊತ್ತು ಹೋಗದೆ ಬರ್ತಾರೆ, ನಾನು ಕರೆದಿಲ್ಲ. ಬಂದ್ರೂ ಒಂದೇ, ಬರದಿದ್ರೂ ಒಂದೇ. ಇಷ್ಟೇ ಹೇಳಬೇಕು, ಒಂದು ಮಾತು ಹೆಚ್ಚು ಬೇಡ.’

ಮಲ್ಲಪ್ಪನವರು ಎದ್ದು ಹೋಗಿ ನೀರು ಕುಡಿದು ಬಂದರು. ‘ಬ್ಯಾಡ್ರಿ. ದುಡ್ಡು ತಿರುಗಿ ಕೊಟ್ಟು ಬಿಡತೇನಿ’ ಎಂದ ಅಣ್ಣ. ಕೊಟ್ಟರೆ ಏನು ಉಳಿಯುತ್ತದೆ? ಬ್ಯಾಂಕಿನಲ್ಲಿದ್ದದ್ದೆಲ್ಲ ಹೋಗುತ್ತದೆ. ಮುಂದೆ ಭತ್ಯೆ ಇಲ್ಲ, ಕೆಲಸವಂತೂ ಎಲ್ಲೂ ಇಲ್ಲ. ಗುರುದೇವಿ ಬಂದರೆ ನನ್ನ ಮನೆಯಲ್ಲೇ ಇಳಿಯಬೇಕು. ಇಲ್ಲವೇ ಬರಬೇಡ ಎಂದು ಬರೆಯಬೇಕು. ಅವಳ ಕಾಗದ ಹಿಂದಿನ ವಾರವಷ್ಟೇ ಬಂದಿತ್ತು. ಮಗಳು ಓಣಿಯವರಿಗೆಲ್ಲ ನಾನು ವಿಮಾನದಾಗ ಹೋಗತೇನಿ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ ಎಂದು ಬರೆದಿದ್ದಳು. ಅಣ್ಣನಿಗೆ ನನ್ನ ಮನೆಯಿಂದ ಹೊರಗೆ ಹೋಗಲು ಇದ್ದದ್ದು ಆ ಭತ್ಯೆಯೊಂದೇ. ಅದು ಉಳಿಯಬೇಕಾದರೆ ನನ್ನ ಮನೆಯಲ್ಲಿ ಬಿಟ್ಟಿ ಬಿದ್ದಿದ್ದೇನೆ ಎಂದು ಅವನೇ ಒಪ್ಪಬೇಕು.

‘ನಾ ಹೇಳತೇನಿ’ ಎಂದೆ. ‘ಇಂಗ್ಲಿಷಿನ್ಯಾಗ ಹೇಳೂದು, ಯಾರ ಮನಸ್ಸಿಗೆ ಹತ್ತತೈತಿ?’

ಅಪೀಲಿನ ವಿಚಾರಣೆ ಫೆಬ್ರವರಿ ಕೊನೆಗೆ. ಕೋರ್ಟಿನಂಥ ಜಾಗವಿರಬಹುದು ಎಂದುಕೊಂಡಿದ್ದೆ. ಒಂದು ಸಣ್ಣ ಕೋಣೆ, ಉದ್ದನೆಯ ಮೇಜು, ಮಧ್ಯದಲ್ಲೊಂದು ಟೇಪ್ ರೆಕಾರ್ಡರ್. ತೀರ್ಪು ಕೊಡುವ ಅಧಿಕಾರಿ ವಯಸ್ಸಾದವರು, ನೆಗಡಿಯಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಟ್ಟವರಲ್ಲ. ಬಲಗೈ ಎತ್ತಿ ನಿಜವನ್ನೇ ಹೇಳುತ್ತೇನೆ ಎನ್ನಿ ಎಂದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಕೈ ಎತ್ತಿದೆ.

ಇವರಿಗೆ ಸಂಬಳ ಕೊಟ್ಟಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜ. ಊಟ, ಕೋಣೆ ಕೊಡುವುದು ಅಂಗಡಿಯಲ್ಲಿ ದುಡಿಯುತ್ತಾರೆ ಎಂದೋ? ಅಲ್ಲ, ಅಣ್ಣ ಎಂದು. ಬಿಟ್ಟಿ. ದುಡಿಯದಿದ್ದರೂ ಹಾಕುತ್ತೀರಾ? ಹಾಕುತ್ತೇನೆ. ಅದೂ ನಿಜವೇ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವರು ಮುಂದಿನ ಹಾಳೆ ತಿರುಗಿಸಿದರು. ‘ಹಿಟ್ಟು ಬೀಸುತ್ತಾರೆ ಎಂದು ಇಲ್ಲಿದೆ. ಅದು ನಿಮ್ಮ ವ್ಯಾಪಾರಕ್ಕೆ ಮುಖ್ಯವೇ?’

ಅಣ್ಣ ನನ್ನ ಎಡಕ್ಕೆ ಕೂತಿದ್ದ. ಎರಡೂ ಕೈ ಮೇಜಿನ ಮೇಲಿಟ್ಟಿದ್ದ. ಉಗುರಿನ ಸಂದಿಯಲ್ಲಿ ಹಿಟ್ಟು ಇತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ ಅದು.

‘ಇಲ್ಲ. ಅದು ಅವನ ಹವ್ಯಾಸ’ ಎಂದೆ. ‘ನಾಲ್ಕು ಜನ ಒಯ್ಯುತ್ತಾರೆ, ಅಷ್ಟೆ.’

‘ನಾಳೆಯಿಂದ ಅವರು ಬರದಿದ್ದರೆ?’

‘ಏನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಅಡ್ಡಗಾಲೇ. ಪಾಪ ಎಂದು ಸುಮ್ಮನಿದ್ದೇನೆ.’

ಆ ಕೊನೆಯ ಮಾತು ರಾಯರು ಹೇಳಿಕೊಟ್ಟದ್ದಲ್ಲ. ಒಂದು ಮಾತು ಹೆಚ್ಚು ಬೇಡ ಎಂದಿದ್ದರು ಅವರು. ನಂಬಲಿ ಎಂದು ನಾನೇ ಸೇರಿಸಿದೆ. ಸುಡಲಿ ಈ ನಾಲಿಗೆ, ಅದಕ್ಕೆ ನಿಲ್ಲುವುದು ಗೊತ್ತಿಲ್ಲ.

ಅಧಿಕಾರಿ ಅಣ್ಣನ ಕಡೆ ತಿರುಗಿದರು. ‘ನಿಮ್ಮ ತಂಗಿ ಹೇಳಿದ್ದು ನಿಜವೇ? ತಲೆಯಾಡಿಸಿದರೆ ಸಾಲದು, ಟೇಪಿಗೆ ಕೇಳಬೇಕು.’

ಅಣ್ಣ ಟೇಪ್ ರೆಕಾರ್ಡರ್ ಕಡೆ ಬಾಗಿದ. ‘ಎಸ್ ಸರ್. ಐ ಈಟ್ ಫ್ರೀ ಇನ್ ಮೈ ಸಿಸ್ಟರ್ಸ್ ಹೌಸ್. ದೇ ಡು ನಾಟ್ ನೀಡ್ ಮಿ’ ಎಂದ. ಸ್ಪಷ್ಟವಾಗಿ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಥರ ಹೇಳಿದ.

ಕಾರಿನಲ್ಲಿ ಮನೆಗೆ ಬರುವಾಗ ನಾನು ಅಳುತ್ತಾ ಕೂತಿದ್ದೆ. ‘ಚಲೋ ಹೇಳಿದಿ. ಅಳಬ್ಯಾಡ’ ಎಂದು ಅವನೇ ಸಮಾಧಾನ ಮಾಡಿದ.

ಮೂರು ವಾರಕ್ಕೆ ತೀರ್ಪು ಬಂತು. ನಾವು ಗೆದ್ದೆವು. ವಂಚನೆಯ ಮಾತು ಬಿಟ್ಟುಹೋಯಿತು, ನಿಂತ ಭತ್ಯೆಯೂ ಸೇರಿ ಬಂತು. ರಾಯರು ಪೇಡೆಯ ಡಬ್ಬಿ ತಂದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಸಾರ್, ಇನ್ಮೇಲೆ ಅಂಗಡಿ ಕಡೆ ಕಾಲಿಡಬೇಡಿ. ಒಂದು ಪೊರಕೆ ಹಿಡಿದಿದ್ದನ್ನ ಯಾರಾದ್ರೂ ನೋಡಿ ಹೇಳಿದ್ರೆ ಈ ಸಲ ತಂಗೀನೂ ಸೇರಿಸ್ತಾರೆ, ಸುಳ್ಳು ಸಾಕ್ಷಿ ಅಂತ’ ಎಂದು ಹೇಳಿಹೋದರು.

ಅಣ್ಣ ಹಿಟ್ಟಿನ ಮಷೀನನ್ನು ಒರೆಸಿ ಬಟ್ಟೆ ಮುಚ್ಚಿದ. ನನಗೆ ಆಗ ಡ್ರೈವಿಂಗ್ ಬರುತ್ತಿರಲಿಲ್ಲ. ಬೆಳಿಗ್ಗೆ ಅವನೇ ನನ್ನನ್ನು ಅಂಗಡಿಯ ಮುಂದೆ ಇಳಿಸಿ ಕೆಲಸ ಹುಡುಕಲು ಹೋಗುತ್ತಿದ್ದ. ಹಿಟ್ಟಿಗೆ ಬಂದವರಿಗೆ ಮುಗಿದಿದೆ ಎನ್ನುತ್ತಿದ್ದೆ. ಯಾಕೆ, ಅಣ್ಣನವರಿಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು.

ಮಾರ್ಚ್ ಕೊನೆಯಲ್ಲಿ ಶಿಕಾಗೋದಿಂದ ಅಕ್ಕಿಯ ಲೋಡು ಬಂತು. ಡ್ರೈವರಿಗೆ ಏನೋ ಅವಸರ, ಹದಿನಾಲ್ಕು ಚೀಲವನ್ನು ಅಂಗಡಿಯ ಮುಂದಿನ ಸಿಮೆಂಟಿನ ಮೇಲೆ ಇಳಿಸಿ ಹೋಗಿಬಿಟ್ಟ. ಅವನು ಅತ್ತ ತಿರುಗಿದ, ಇತ್ತ ಹಿಮ ಬೆರೆತ ಮಳೆ ಶುರುವಾಯಿತು. ಒಂದೊಂದು ಚೀಲ ಐವತ್ತು ಪೌಂಡು. ಮೊದಲನೆಯದರ ಕಿವಿ ಹಿಡಿದು ಎಳೆದೆ, ಕಾಲು ಜಾರಿ ಮಂಡಿಯೂರಿ ಬಿದ್ದೆ. ತಲೆ ಎತ್ತಿದರೆ ನಮ್ಮ ಕಾರು ಅಲ್ಲೇ ಇತ್ತು. ಅಣ್ಣ ನನ್ನನ್ನು ಇಳಿಸಿದವನು ಹೋಗಿರಲಿಲ್ಲ. ಹೋಗುವುದಕ್ಕೆ ಆ ದಿನ ಅವನಿಗೆ ಜಾಗ ಇರಲಿಲ್ಲವೋ ಏನೋ.

ಓಡಿ ಬಂದ. ಟೈ ಹೆಗಲ ಹಿಂದೆ ಎಸೆದುಕೊಂಡು ಒಂದು ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡ. ಎಷ್ಟು ದಿನವಾಗಿತ್ತೋ, ಅವನ ಮುಖದಲ್ಲಿ ಜೀವ ಬಂದಿತ್ತು. ‘ಸರಿ, ಬಾಗಿಲಾ ತಗಿ’ ಎಂದ.

ಆಗಲೇ ನನಗೆ ಕಂಡದ್ದು, ಎದುರಿಗೆ ನಿಂತಿದ್ದ ಇನ್ನೊಂದು ಕಾರು. ಒಳಗೆ ಒಬ್ಬ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಯಾರೋ! ಗಂಡ ಕ್ಷೌರ ಮುಗಿಸಿ ಬರಲಿ ಎಂದು ಕಾಯುತ್ತಿದ್ದವಳಿರಬಹುದು. ನನಗೆ ಮಾತ್ರ ರಾಯರು ಹೇಳಿಹೋದ ಪೊರಕೆಯ ಮಾತು ನೆನಪಾಯಿತು.

‘ಇಳಸು!’ ಎಂದು ಕಿರುಚಿದೆ. ‘ಮುಟ್ಟಬ್ಯಾಡ! ಯಾರ್ ಕರದ್ರು ನಿನ್ನ? ನೀ ಬ್ಯಾಡ ನನಗ ಇಲ್ಲಿ, ನಡಿ!’

ಇಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಆ ಹೆಂಗಸಿಗೆ ಒಂದಕ್ಷರ ತಿಳಿಯಲಿಲ್ಲ. ಅಲ್ಲಿ ತಿಳಿಯುವವನು ಅವನೊಬ್ಬನೇ ಇದ್ದ. ಅಣ್ಣ ಬೆನ್ನ ಮೇಲೆ ಚೀಲ ಹೊತ್ತುಕೊಂಡೇ ನನ್ನನ್ನು ನೋಡಿದ. ಆಮೇಲೆ ಅದನ್ನು ಮಳೆ ಬೀಳದ ಕಡೆ, ಸೂರಿನ ಕೆಳಗೆ ಮೆಲ್ಲಗೆ ಇಳಿಸಿ, ಕಾರು ಹತ್ತಿ ಹೋದ. ಉಳಿದ ಹದಿಮೂರನ್ನು ನಾನು ಎಳೆದೆ. ಮೂರು ಒದ್ದೆಯಾದವು.

ಆ ಸಂಜೆ ರೊಟ್ಟಿ ಬಡಿದು, ಬದನೆಕಾಯಿ ಎಣಗಾಯಿ ಮಾಡಿ ಊಟಕ್ಕೆ ಕರೆದೆ. ‘ನಾ ಹೊರಗ ಉಂಡು ಬಂದೇನಿ’ ಎಂದ. ಮಾರನೆಯ ದಿನವೂ ಅದನ್ನೇ ಹೇಳಿದ. ಮಲ್ಲಪ್ಪನವರು ಕೈ ಹಿಡಿದು ಎಬ್ಬಿಸಲು ನೋಡಿದರೂ ಏಳಲಿಲ್ಲ. ಒಂದು ದಿನ ಅವನ ಕೋಟಿನ ಜೇಬಿನಲ್ಲಿ ಬರೀ ಒಣ ಬ್ರೆಡ್ಡಿನ ಪೊಟ್ಟಣ ಸಿಕ್ಕಿತು. ಏಪ್ರಿಲ್ ಕೊನೆಗೆ ಬೇರೆ ಮನೆ ಹಿಡಿದು ಹೋಗುವವರೆಗೂ ನನ್ನ ಮನೆಯಲ್ಲಿ ಅವನು ತಾಟಿನ ಮುಂದೆ ಕೂರಲಿಲ್ಲ. ಊರ ಮಂದಿಗೆಲ್ಲ ಬೈದು ಉಣ್ಣಿಸುವವಳು ನಾನು. ಅವನಿಗೆ ಯಾವ ಬಾಯಿಂದ ಉಣ್ಣು ಎನ್ನಲಿ?